ಅನುಕಂಪವೂ ನಿಷ್ಕಂಪವೂ

‘ಅನುಕಂಪ’ ಎಂಬ ಶಬ್ದವನ್ನು ನಾವು ದಯೆ, ಕನಿಕರ ಎಂಬ ಅರ್ಥದಲ್ಲಿ ನಿತ್ಯವೂ ಬಳಸುತ್ತೇವೆ. ಕೈಯಿಂದ ಕೈಗೆ ದಾಟಿ ಸವೆದ ನಾಣ್ಯದ ಮುದ್ರೆಯಂತೆ ಅದರ ಮೂಲಾರ್ಥವು ಮಾಸಿಹೋಗಿದೆ. ಕಂಪವೆಂದರೆ ನಡುಕ, ಅನುಕಂಪವೆಂದರೆ ಒಡನಡುಕ. ಇನ್ನೊಂದು ಜೀವವು ನಡುಗಿದಾಗ ಅದರ ಹಿಂದೆಯೇ ತಾನೂ ನಡುಗುವುದು. ಈ ಶಬ್ದವನ್ನು ಕಟ್ಟಿದ ಹಿರಿಯರು ಕರುಣೆಯನ್ನು ಬುದ್ಧಿಯ ತೀರ್ಮಾನಗಳ ಸಾಲಿಗೆ ಸೇರಿಸದೆ ಮೈಯ ಚಲನೆಗಳ ಸಾಲಿಗೆ ಸೇರಿಸಿದ್ದರೆಂದು ತೋರುತ್ತದೆ.

ಅದೇ ಪರಂಪರೆಯು ನಡುಗದಿರುವುದನ್ನೂ ಅಷ್ಟೇ ಬಾಯಿತುಂಬ ಹೊಗಳಿದೆ. ಧೀರನು ಅಚಲನು, ಜ್ಞಾನಿಯು ನಿಶ್ಚಲನು. ಗೀತೆಯ ಆರನೆಯ ಅಧ್ಯಾಯದಲ್ಲಿ ಯೋಗಿಯ ಚಿತ್ತಕ್ಕೆ ಗಾಳಿ ಸುಳಿಯದೆಡೆಯಲ್ಲಿಟ್ಟ ದೀಪದ ಹೋಲಿಕೆ ಬಂದಿದೆ. ಹೀಗೆ ಒಡನಡುಗುವುದೂ ಗುಣ, ನಡುಗದಿರುವುದೂ ಗುಣ ಎಂದಾಯಿತು. ಒಬ್ಬನೇ ಮನುಷ್ಯನು ಇವೆರಡನ್ನೂ ಹೇಗೆ ಪಡೆಯಬೇಕು? ಪರರ ನೋವಿಗೆ ಮಿಡಿಯಲೆಂದು ಎಳೆದು ಕಟ್ಟಿದ ತಂತಿಯು ಬೀದಿಯ ಗದ್ದಲಕ್ಕೂ ಮಿಡಿದೀತು. ಗದ್ದಲಕ್ಕೆ ಅಳುಕಬಾರದೆಂದು ಬಿಗಿದುಕೊಂಡ ಎದೆಯು ನೋವಿನ ಕರೆಗೂ ಅಳುಕದೆ ಹೋದೀತು.

ಈ ಪ್ರಶ್ನೆಯನ್ನು ವೇದಾಂತಿಗಳ ಮುಂದೆ ಇಡುವುದು ವಾಡಿಕೆ. ನಾನು ಅದನ್ನು ಟರ್ನ್‌ಟೇಬಲ್ಲಿನ, ಎಂದರೆ ಮನೆಯಲ್ಲಿ ರಿಕಾರ್ಡು ನುಡಿಸುವ ಯಂತ್ರದ, ಮುಂದೆ ಇಡಬೇಕೆಂದಿದ್ದೇನೆ. ಕೆಲವು ವಾಚಕರು ನಕ್ಕಾರು. ಆದರೆ ಈ ಸಾಕ್ಷಿಗೆ ಒಂದು ಹಿರಿಮೆಯುಂಟು. ಮನುಷ್ಯನು ತಾನು ಏಕೆ ಕದಲಿದೆ, ಏಕೆ ಕದಲಲಿಲ್ಲ ಎಂಬುದಕ್ಕೆ ನೂರು ಸಮಾಧಾನಗಳನ್ನು ಹೇಳಬಲ್ಲನು. ಯಂತ್ರಕ್ಕೆ ಆ ವಿದ್ಯೆ ತಿಳಿಯದು. ಅಲ್ಲದೆ ಅದರ ಬಾಳೆಲ್ಲ ನಡುಗುವುದರಲ್ಲಿಯೂ ನಡುಗದಿರುವುದರಲ್ಲಿಯೂ ಕಳೆಯುತ್ತದೆ. ನಮ್ಮ ಪ್ರಶ್ನೆಗೆ ಇದಕ್ಕಿಂತ ಅನುಭವಶಾಲಿಯಾದ ಸಾಕ್ಷಿ ಸಿಗಲಾರದು.

ಅದರ ಕೆಲಸದ ಬಗೆಯನ್ನು ಮೊದಲು ನೋಡಬೇಕು. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿಯು ಹೊರತಂದ ಎಲ್‌ಪಿ ರಿಕಾರ್ಡು ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ. ಒಂದು ಸುತ್ತಿಗೆ 1.8 ಸೆಕೆಂಡು. ಅದರ ಮೈಮೇಲಿನ ಗೀರು ಸುಮಾರಾಗಿ ಮಿಲಿಮೀಟರಿನ ಇಪ್ಪತ್ತನೆಯ ಒಂದು ಪಾಲಿನಷ್ಟು ಅಗಲವಾದುದು. ಆ ಗೀರಿನ ಗೋಡೆಗಳ ಓಲಾಟವೇ ಸಂಗೀತ. ಮೆಲ್ದನಿಯ ಎಡೆಗಳಲ್ಲಿ ಓಲಾಟವು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಿರಿದಾಗುತ್ತದೆ. ಒಂದೂವರೆ ಎರಡು ಗ್ರಾಂ ಭಾರದಿಂದ ಊರಿದ ವಜ್ರದ ಮುಳ್ಳು ಅದನ್ನು ತಡವಿಕೊಂಡು ಸಾಗುತ್ತದೆ. ಮುಳ್ಳಿನ ಹಿಂದುಗಡೆ ಕಾರ್ಟ್ರಿಜ್ ಎಂಬ ಪುಟ್ಟ ಗೂಡಿನಲ್ಲಿ ಅಯಸ್ಕಾಂತವೂ ತಂತಿಯ ಸುರುಳಿಯೂ ಇವೆ. ಗೂಡಿಗೆ ಹೋಲಿಸಿದರೆ ಮುಳ್ಳು ಎಷ್ಟು ವೇಗದಿಂದ ಕದಲಿತೋ ಅಷ್ಟು ವಿದ್ಯುತ್ತು ಹುಟ್ಟುತ್ತದೆ. ಆಂಪ್ಲಿಫೈಯರು ಅದನ್ನು ಸಾವಿರಾರು ಪಟ್ಟು ಹೆಚ್ಚಿಸಿ ಲೌಡ್‌ಸ್ಪೀಕರಿಗೆ ಕೊಡುತ್ತದೆ. ‘ಗೂಡಿಗೆ ಹೋಲಿಸಿದರೆ’ ಎಂಬ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು; ಮುಂದೆ ಅದರಿಂದ ಕೆಲಸವಿದೆ.

ಇಲ್ಲಿಯೇ ಒಂದು ತೊಡಕಿದೆ. ತಗ್ಗಿನ ಸ್ವರಗಳನ್ನು ಇದ್ದಂತೆಯೇ ಕೊರೆದರೆ ಗೀರು ಅತಿಯಾಗಿ ಓಲಾಡಿ ಪಕ್ಕದ ಗೀರಿಗೆ ತಾಗೀತು. ಆದುದರಿಂದ ಕೊರೆಯುವಾಗ ಅವನ್ನು ಕುಗ್ಗಿಸಿ ನುಡಿಸುವಾಗ ಹಿಗ್ಗಿಸುವ ಒಂದೇ ಪದ್ಧತಿಯು 1950ರ ದಶಕದಿಂದ ರೂಢಿಗೆ ಬಂದಿತು. ಅದರ ಮೇರೆಗೆ ಸೆಕೆಂಡಿಗೆ 20 ಸಲ ನಡುಗುವ ಸ್ವರವನ್ನು, 1000 ಸಲ ನಡುಗುವ ಸ್ವರಕ್ಕಿಂತ ಸುಮಾರು ಒಂಬತ್ತು ಪಟ್ಟು ಹೆಚ್ಚಾಗಿ ಎತ್ತಿ ಹಿಡಿಯುತ್ತಾರೆ. ನೆಲದ ನಡುಕ, ಬೀದಿಯಲ್ಲಿ ಹೊರಳುವ ಲಾರಿಯ ಗುಡುಗು, ಬಾಗಿಲು ಬಡಿದ ಧಕ್ಕೆ ಇವೆಲ್ಲವೂ ಈ ತಗ್ಗಿನ ಪಾಳೆಯಕ್ಕೆ ಸೇರಿದವು. ಸಂಗೀತಕ್ಕೆಂದು ತೆರೆದ ಬಾಗಿಲಿನಲ್ಲಿ ಇವೂ ಒಳಹೊಗುತ್ತವೆ, ಸಂಗೀತಕ್ಕೆ ಸಲ್ಲುವ ಮರ್ಯಾದೆಯನ್ನೇ ಪಡೆಯುತ್ತವೆ. ನೀನು ಗೀರಿನಿಂದ ಬಂದೆಯಾ, ನೆಲದಿಂದ ಬಂದೆಯಾ ಎಂದು ಮುಳ್ಳು ಯಾರನ್ನೂ ಕೇಳುವುದಿಲ್ಲ.

ಹಿಂದಿನ ಕಾಲದ ಕೀಲಿ ಕೊಡುವ ಗ್ರಾಮಫೋನಿಗೆ ಈ ಕಷ್ಟವು ಇಷ್ಟಾಗಿ ಇರಲಿಲ್ಲ. ಬರ್ಲೀನರನು 1887ರಲ್ಲಿ ಹಕ್ಕುಪತ್ರ ಪಡೆದ ಗ್ರಾಮಫೋನಿನ ವಂಶದ ಆ ಯಂತ್ರಗಳಲ್ಲಿ ಉಕ್ಕಿನ ಮುಳ್ಳಿನ ಮೇಲೆ ದೊಡ್ಡ ಭಾರವಿತ್ತು, ವಿದ್ಯುತ್ತಿನ ಹಿಗ್ಗಿಸುವಿಕೆ ಇರಲಿಲ್ಲ, ಕಹಳೆಯೇ ಎಲ್ಲ. ಹತ್ತಿರದಲ್ಲಿ ಹುಡುಗರು ಕುಣಿದರೂ ಅದು ತನ್ನ ಪಾಡಿಗೆ ಹಾಡುತ್ತಿತ್ತು. ಅದು ಹಾಡಿನಲ್ಲಿ ಕೇಳಿಸದೆ ಬಿಟ್ಟದ್ದೂ ಬಹಳ. ಮುಳ್ಳು ಹಗುರವಾದಂತೆ, ಕಿವಿ ಸೂಕ್ಷ್ಮವಾದಂತೆ, ಹಾಡುಗಾರನು ಉಸಿರೆಳೆದುಕೊಳ್ಳುವ ಸದ್ದು ಕೇಳತೊಡಗಿತು. ಅದರೊಂದಿಗೆ ಅಡುಗೆಮನೆಯ ಸದ್ದೂ ಕೇಳತೊಡಗಿತು. ಸೂಕ್ಷ್ಮತೆಯೂ ನೋಯುವಿಕೆಯೂ ಒಂದೇ ಗುಣದ ಎರಡು ಹೆಸರುಗಳೆಂದು ಇದರಿಂದ ಊಹಿಸಬಹುದು. ಬೇಗ ನೋಯುವ ಜನರನ್ನು ನಾವು ಗದರಿಸುವಾಗ ಈ ಮಾತು ನೆನಪಿದ್ದರೆ ಒಳ್ಳೆಯದು.

ಈ ಕಷ್ಟಕ್ಕೆ ಜನರು ಮೊದಲು ಯೋಚಿಸುವ ಪರಿಹಾರವೆಂದರೆ ಭಾರ. ಯಂತ್ರದ ಕೆಳಗೆ ದಪ್ಪ ಕಲ್ಲಿನ ಚಪ್ಪಡಿಯಿಟ್ಟು, ಇನ್ನು ಇದನ್ನು ಯಾರು ಕದಲಿಸಬಲ್ಲರು ಎಂದು ನಿಶ್ಚಿಂತರಾಗುತ್ತಾರೆ. ಭಾರಕ್ಕೆ ಪ್ರಯೋಜನವಿಲ್ಲವೆಂದಲ್ಲ, ಚಿಕ್ಕಪುಟ್ಟ ತಾಗುಗಳನ್ನು ಅದು ನುಂಗಿಕೊಳ್ಳುತ್ತದೆ. ಆದರೆ ಕಲ್ಲು ಮೂಕವೆಂದು ತಿಳಿಯುವವರು ಹಂಪೆಯ ವಿಠ್ಠಲ ದೇವಾಲಯದ ಕಂಬಗಳನ್ನು ನೆನೆಯಬೇಕು. ತಟ್ಟಿದರೆ ಕಲ್ಲೂ ನುಡಿಯುತ್ತದೆ. ತೆಳುವಾದ ಕಡಪಾ ಕಲ್ಲಿನ ಹಲಗೆಯನ್ನು ಬೆರಳಿನಿಂದ ಹೊಡೆದು ನೋಡಿರಿ. ಅದು ಗಂಟೆಯ ಹತ್ತಿರದ ಸಂಬಂಧಿ. ನೆಲವೇ ನಡುಗುವಾಗಲಂತೂ ಚಪ್ಪಡಿಯು ನೆಲದೊಡನೆ ಪ್ರಾಮಾಣಿಕವಾಗಿ ನಡುಗಿ ತನ್ನ ಮೇಲಿದ್ದುದನ್ನೂ ನಡುಗಿಸುತ್ತದೆ. ಕಠಿಣನಾದವನು ನಿಷ್ಕಂಪನಾಗಿರುತ್ತಾನೆಂಬುದು ನಮ್ಮ ಒಂದು ಭ್ರಮೆ.

ಎರಡನೆಯ ಪರಿಹಾರ ಮೃದುತ್ವ. ಸ್ಪ್ರಿಂಗು, ರಬ್ಬರು, ಗಾಳಿ ತುಂಬಿದ ಟ್ಯೂಬು ಇವುಗಳ ಮೇಲೆ ಯಂತ್ರವನ್ನು ತೇಲಿಸುವುದು. ಇದರ ಶಾಸ್ತ್ರವು ಸ್ವಲ್ಪ ಗಹನವಾದರೂ ಬಹು ಬೋಧಪ್ರದವಾದುದು. ಭಾರ ಹೊತ್ತ ಪ್ರತಿಯೊಂದು ಸ್ಪ್ರಿಂಗಿಗೂ ತನ್ನದೇ ಆದ ಒಂದು ಸ್ವಂತ ಲಯವಿರುತ್ತದೆ. ಸ್ಪ್ರಿಂಗು ಭಾರದಿಂದ 1 ಸೆಂಟಿಮೀಟರು ಕುಗ್ಗಿದರೆ ಅದರ ಲಯ ಸೆಕೆಂಡಿಗೆ 5 ಸಲ. 4 ಸೆಂಟಿಮೀಟರು ಕುಗ್ಗಿದರೆ ಎರಡೂವರೆ ಸಲ. ಈ 5 ಸಲದ ಸ್ಪ್ರಿಂಗಿನ ಕೆಳಗೆ ಸೆಕೆಂಡಿಗೆ 20 ಸಲದ ನಡುಕ ಬಂದರೆ ಅದರ ಹದಿನೈದನೆಯ ಒಂದು ಪಾಲು ಮಾತ್ರ ಮೇಲಕ್ಕೆ ಹೋಗುತ್ತದೆ. 10 ಸಲದ್ದು ಬಂದರೆ ಮೂರನೆಯ ಒಂದು ಪಾಲು. 1 ಅಥವಾ 2 ಸಲದ ನಿಧಾನವಾದ ತೂಗಾಟ ಬಂದರೆ ಸ್ಪ್ರಿಂಗು ಇದ್ದೂ ಇಲ್ಲದಂತೆಯೇ. ಸರಿಯಾಗಿ 5 ಸಲದ್ದೇ ಬಂದರೆ? ಆಗ ಕಾಯಲೆಂದು ನಿಂತ ಸ್ಪ್ರಿಂಗೇ ಅದನ್ನು ಹಿಡಿದು ಹಲವು ಪಟ್ಟು ಹೆಚ್ಚಿಸಿ ಮೇಲಕ್ಕೆ ದಾಟಿಸುತ್ತದೆ. ಮನುಷ್ಯನು ನಡೆಯುವಾಗ ಸೆಕೆಂಡಿಗೆ ಸುಮಾರು ಎರಡು ಹೆಜ್ಜೆಯಿಡುತ್ತಾನೆ. ಹಲಗೆಯ ನೆಲವು ಅದಕ್ಕೆ ತನ್ನ ತೂಗಾಟವನ್ನೂ ಕೂಡಿಸುತ್ತದೆ. ಆದುದರಿಂದ ದೂರದ ಲಾರಿಗೆ ಅಂಜದ ಸ್ಪ್ರಿಂಗಿನ ಯಂತ್ರವು ಮನೆಯವರ ಕಾಲ್ನಡಿಗೆಗೆ ಹಾರಿ ಬೀಳುವುದನ್ನು ಕಾಣುತ್ತೇವೆ. ಹೊರಗಿನವರ ನಿಂದೆಗೆ ಜಗ್ಗದೆ ಮನೆಯವರ ಒಂದು ಸಣ್ಣ ಮಾತಿಗೆ ಮೂರು ದಿನ ಮುನಿದಿರುವ ಸಜ್ಜನರು ನನಗೆ ಪರಿಚಿತರಿದ್ದಾರೆ. ಅವರ ಸ್ವಂತ ಲಯವೂ ಅಲ್ಲಿಯೇ ಇರಬೇಕು.

ಇಷ್ಟರಿಂದ, ಕಠಿಣತೆಯೂ ಆಗದು ಮೃದುತ್ವವೂ ಆಗದು ಎಂದು ಕೈಚೆಲ್ಲುವಂತಿತ್ತು. 1961ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದ ಕೇಂಬ್ರಿಜಿನಲ್ಲಿದ್ದ ಅಕೌಸ್ಟಿಕ್ ರಿಸರ್ಚ್ ಎಂಬ ಸಂಸ್ಥೆಯಿಂದ ಎಡ್ಗರ್ ವಿಲ್ಚರನು ಒಂದು ಟರ್ನ್‌ಟೇಬಲ್ಲನ್ನು ಹೊರತಂದನು. ನೋಡಲು ಅದು ಬಡಪಾಯಿ ಯಂತ್ರ. ಅದರಲ್ಲಿದ್ದ ವಿಶೇಷವಿಷ್ಟೆ: ರಿಕಾರ್ಡನ್ನು ಹೊತ್ತು ತಿರುಗುವ ಹರಿವಾಣವನ್ನೂ ಮುಳ್ಳನ್ನು ಹೊತ್ತ ತೋಳನ್ನೂ ಒಂದೇ ಗಟ್ಟಿಯಾದ ಒಳಚೌಕಟ್ಟಿಗೆ ಬಿಗಿದು, ಆ ಚೌಕಟ್ಟನ್ನು ಮೂರು ಸ್ಪ್ರಿಂಗುಗಳಿಂದ ಹೊರಪೆಟ್ಟಿಗೆಯಲ್ಲಿ ತೂಗಬಿಟ್ಟಿದ್ದನು. ನಡುಗುವ ಮೋಟಾರು ಮಾತ್ರ ಹೊರಗೆ ಉಳಿಯಿತು. ಅದರಿಂದ ಒಳಕ್ಕೆ ಒಂದು ರಬ್ಬರಿನ ಪಟ್ಟಿಯಷ್ಟೇ ಸಂಬಂಧ.

ಇದರ ಮರ್ಮವು ‘ಗೂಡಿಗೆ ಹೋಲಿಸಿದರೆ’ ಎಂಬ ಮಾತಿನಲ್ಲಿದೆ. ಹರಿವಾಣ ಅಲುಗಿ ತೋಳು ಅಲುಗದಿದ್ದರೆ ಮುಳ್ಳು ಆ ಅಲುಗಾಟವನ್ನು ಸಂಗೀತವೆಂದು ಓದುತ್ತದೆ. ತೋಳು ಅಲುಗಿ ಹರಿವಾಣ ಅಲುಗದಿದ್ದರೂ ಅಷ್ಟೇ. ಎರಡೂ ಕೂಡಿಯೇ ಅಲುಗಿದರೆ ಅವುಗಳ ನಡುವೆ ಚಲನೆಯೆಂಬುದು ಇರುವುದಿಲ್ಲ. ಮುಳ್ಳಿಗೆ ಏನೂ ತಿಳಿಯುವುದಿಲ್ಲ. ತೇಲುವ ದೋಣಿಯಲ್ಲಿ ಎದುರುಬದುರಾಗಿ ಕುಳಿತವರು ಒಬ್ಬರ ಮುಖವನ್ನೊಬ್ಬರು ನೆಟ್ಟಗೆ ನೋಡಿದಂತೆ ಇದು. ವಿಲ್ಚರನು ನಡುಕವನ್ನು ಲೋಕದಿಂದ ಅಳಿಸಲು ಹೋಗಲಿಲ್ಲ. ಯಾವ ಎರಡು ವಸ್ತುಗಳ ನಡುವೆ ಮಾತುಕತೆ ನಡೆಯಬೇಕೋ ಅವೆರಡನ್ನು ಬಿಗಿಯಾಗಿ ಕಟ್ಟಿ, ಆ ಜೋಡಿಯನ್ನು ಉಳಿದ ಲೋಕದಿಂದ ಸಡಿಲವಾಗಿ ತೂಗಿದನು. ನನ್ನ ಅಲ್ಪಮತಿಗೆ ತೋರುವ ಮಟ್ಟಿಗೆ, ಏಕಾಂತವೆಂದರೆ ಏನೆಂಬ ಬಗ್ಗೆ ಇದಕ್ಕಿಂತ ಸರಿಯಾದ ವ್ಯಾಖ್ಯೆಯನ್ನು ನಾನು ಕಂಡಿಲ್ಲ. ಒಬ್ಬನೇ ಇರುವುದು ಏಕಾಂತವಲ್ಲ. ಯಾವುದರೊಡನೆ ಇರಬೇಕೋ ಅದರೊಡನೆ ಅಚ್ಚುಕಟ್ಟಾಗಿ ಇರುವುದು ಏಕಾಂತ.

ಥೋರೆನ್ಸ್ ಕಂಪನಿಯ ಯಂತ್ರವೂ 1972ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ಪಟ್ಟಣದಿಂದ ಬಂದ ಲಿನ್ ಸೋಂಡೆಕ್ ಯಂತ್ರವೂ ಇದೇ ಮಾರ್ಗವನ್ನು ಹಿಡಿದವು. ಇಂಗ್ಲೆಂಡಿನ ರೇಗಾದವರು ಸ್ಪ್ರಿಂಗೇ ಬೇಡವೆಂದು ಹಗುರವೂ ಬಿಗುವೂ ಆದ ಹಲಗೆಯನ್ನು ನಂಬಿದರು. ಜಪಾನಿನ ಟೆಕ್ನಿಕ್ಸ್‌ನವರು ರಬ್ಬರಿನ ಭಾರವಾದ ಅಡಿಯನ್ನು ನಂಬಿದರು. ಈ ಮತಗಳ ಜಗಳವು ಇಂದಿಗೂ ಮುಗಿದಿಲ್ಲ. ಅದನ್ನು ಇಲ್ಲಿ ಬಿಚ್ಚುವ ಅಗತ್ಯವೂ ಇಲ್ಲ. ಹರಿವಾಣವೂ ತೋಳೂ ಅಗಲಬಾರದೆಂಬ ವಿಷಯದಲ್ಲಿ ಮೂವರೂ ಒಂದೇ.

ಮುಳ್ಳಿನ ಸೂಕ್ಷ್ಮತೆಗೂ ಒಂದು ಎಲ್ಲೆಯಿದೆ. ತೋಳಿನ ಭಾರವೂ ಮುಳ್ಳಿನ ಬಳುಕೂ ಕೂಡಿ ಇನ್ನೊಂದು ಸ್ವಂತ ಲಯ ಹುಟ್ಟುತ್ತದೆ. ಅದು ಸೆಕೆಂಡಿಗೆ 8ರಿಂದ 12 ಸಲದೊಳಗೆ ಬರುವಂತೆ ಜಾಣರು ಹೊಂದಿಸುತ್ತಾರೆ. ಡೊಂಕಾದ ರಿಕಾರ್ಡಿನ ಏರಿಳಿತವು ಅದಕ್ಕಿಂತ ಕೆಳಗಿದೆ, ಸಂಗೀತವು 20ರಿಂದ ಮೇಲಕ್ಕಿದೆ. ನಡುವಣ ಈ ಬಯಲಿನಲ್ಲಿ ಹೇಳಿಕೊಳ್ಳುವಂಥದು ಏನೂ ಇಲ್ಲ. ತನ್ನ ದೌರ್ಬಲ್ಯವನ್ನು ನೀಗಲಾಗದವನು ಅದನ್ನು ಯಾರೂ ತುಳಿಯದ ಎಡೆಯಲ್ಲಿಟ್ಟುಕೊಳ್ಳುವ ಜಾಣ್ಮೆಯಿದು. ಇದರಲ್ಲಿ ವೀರತ್ವವಿಲ್ಲದಿದ್ದರೂ ವಿವೇಕವಿದೆ.

ಇನ್ನು ನಿಷ್ಕಂಪವನ್ನು ಮನುಷ್ಯನು ಎಲ್ಲಕ್ಕಿಂತ ದೂರ ಒಯ್ದ ಉದಾಹರಣೆಯೊಂದನ್ನು ಹೇಳಿ ಮನೆಗೆ ಮರಳೋಣ. ಅಮೆರಿಕದಲ್ಲಿ ಲೈಗೋ ಎಂಬ ಎರಡು ವೀಕ್ಷಣಾಲಯಗಳಿವೆ. ನಾಲ್ಕು ನಾಲ್ಕು ಕಿಲೋಮೀಟರು ಉದ್ದದ ತೋಳುಗಳ ತುದಿಯಲ್ಲಿ 40 ಕಿಲೋಗ್ರಾಂ ತೂಕದ ಕನ್ನಡಿಗಳನ್ನು, ಒಂದರ ಕೆಳಗೊಂದು ನಾಲ್ಕು ಲೋಲಕಗಳ ಸರಣಿಯಲ್ಲಿ, ಗಾಜಿನ ಎಳೆಗಳಿಂದ ಅಲ್ಲಿ ತೂಗಬಿಟ್ಟಿದ್ದಾರೆ. ಲೂಯಿಸಿಯಾನಾದ ಲಿವಿಂಗ್‌ಸ್ಟನ್ನಿನಲ್ಲಿರುವ ಯಂತ್ರಕ್ಕೆ ಸುತ್ತಲಿನ ಕಾಡಿನಲ್ಲಿ ಮರ ಕಡಿಯುವ ನಡುಕವೂ ಬಾಧಿಸಿದ್ದುಂಟು. ಇಷ್ಟೆಲ್ಲ ನಿಷ್ಕಂಪ ಯಾತಕ್ಕಾಗಿ? 2015ನೆಯ ಇಸವಿ ಸೆಪ್ಟೆಂಬರ್ 14ರಂದು, ನೂರು ಕೋಟಿಗೂ ಮಿಕ್ಕ ವರ್ಷಗಳ ಹಿಂದೆ ಎರಡು ಕಪ್ಪುಕುಳಿಗಳು ಒಂದಾದಾಗ ಎದ್ದ ಅಲೆಯು ಆ ಕನ್ನಡಿಗಳನ್ನು ಪರಮಾಣುವಿನ ಗರ್ಭಕ್ಕಿಂತಲೂ ಕಿರಿದಾದಷ್ಟು ಕದಲಿಸಿತು; ಅವು ಕದಲಿದವು. ಗಾಳಿಯಿಲ್ಲದೆಡೆಯ ದೀಪದ ಹೋಲಿಕೆಯು ಯೋಗಿಗೆ ಸಾಕಾದೀತು, ಕೇಳುವವನಿಗೆ ಸಾಲದು. ದೀಪವು ಅಲುಗದಿದ್ದರೆ ಅದರ ಕೆಲಸ ಮುಗಿಯಿತು. ಮುಳ್ಳಿನ ಕೆಲಸವೇ ಅಲುಗುವುದು. ಯಾವುದಕ್ಕೂ ಅಲುಗದ ಮುಳ್ಳನ್ನು ಮುರಿದ ಮುಳ್ಳೆಂದು ಕರೆಯುತ್ತಾರೆ.

ಹಾಗಾದರೆ ನಿಷ್ಕಂಪವು ಅನುಕಂಪಕ್ಕೆ ವಿರೋಧಿಯಲ್ಲ, ಅದರ ಪೂರ್ವಸಿದ್ಧತೆ ಎಂದು ಹೇಳಬಹುದು. ಇಲ್ಲಿಗೆ ಪ್ರಶ್ನೆ ಬಗೆಹರಿಯಿತೆಂದು ಲೇಖನಿಯನ್ನು ಕೆಳಗಿಡುವಂತಿದ್ದರೆ ಚೆನ್ನಾಗಿತ್ತು. ಆದರೆ ಈ ಸಿದ್ಧತೆಯ ವೆಚ್ಚವನ್ನು ಯಾರು ಕೊಡಬೇಕೆಂಬ ಪ್ರಶ್ನೆಯು ಉಳಿದಿದೆ. ನನಗೆ ಮೊದಲಿನದಕ್ಕಿಂತ ಇದೇ ದೊಡ್ಡದೆನಿಸುತ್ತದೆ.

ಧಾರವಾಡದಲ್ಲಿ ನನ್ನ ಹಿರಿಯ ಮಿತ್ರರೊಬ್ಬರಿದ್ದಾರೆ. ಹಳೆಯ ಮನೆ; ಮಾಳಿಗೆಯ ಮೇಲೆ ಹಲಗೆಯ ನೆಲ. ಅಲ್ಲಿ ಅವರ ಯಂತ್ರ. ಅವರಲ್ಲಿರುವ ರಿಕಾರ್ಡುಗಳಲ್ಲಿ 1930ರ ದಶಕದಲ್ಲಿ ಎಚ್‌ಎಂವಿ ಕಂಪನಿಯು ‘ಗಾಂಧಾರಿ’ ಎಂಬ ಹೆಸರಿನಿಂದ ಹೊರತಂದ ಗಂಗೂಬಾಯಿ ಹಾನಗಲ್ಲರ ತಟ್ಟೆಗಳೂ ಇವೆ. ಒಂದೊಂದು ಮಗ್ಗುಲಿಗೆ ಮೂರು ಮಿಕ್ಕಿ ನಿಮಿಷಗಳ ಹಾಡು. ಆ ಕಾಲದ ಅವರ ಕಂಠ ಎಳೆಯದು, ಎತ್ತರದ್ದು. ಮುಂದೆ ಗಂಟಲಿನ ಬೇನೆಯಿಂದ ಆ ಕಂಠವು ಬದಲಾಗಿ, ಲೋಕವೆಲ್ಲ ಅರಿತ ಗಡುಸಾದ ಗಂಭೀರ ದನಿ ಬಂದಿತು. ಮೊದಲಿನ ದನಿ ಈಗ ಆ ಗೀರುಗಳಲ್ಲಲ್ಲದೆ ಮತ್ತೆಲ್ಲಿಯೂ ಇಲ್ಲ. ಆದುದರಿಂದ ಮಿತ್ರರು ರಿಕಾರ್ಡು ಹಚ್ಚಿದರೆಂದರೆ ಮನೆಯಲ್ಲಿ ಕಟ್ಟಪ್ಪಣೆ. ಸೊಸೆಯು ಒಗೆಯುವ ಯಂತ್ರವನ್ನು ನಿಲ್ಲಿಸಬೇಕು. ಯಾರೂ ಮಾಳಿಗೆಯನ್ನು ಹತ್ತಬಾರದು. ಆರು ವರುಷದ ಮೊಮ್ಮಗಳು ತುದಿಗಾಲಿನಲ್ಲಿ ನಡೆಯಬೇಕು. ಒಂದು ದಿನ ನಾನು ಅಲ್ಲಿದ್ದಾಗ ಆ ಮಗು ಕೇಳಿತು: “ಅಜ್ಜಾ, ನಾ ಓಡಿದ್ರ ಹಾಡೂ ಬಾಯಾರಿಗೆ ಯಾಕ ತ್ರಾಸ ಆಗತದ?”

ಅಜ್ಜನವರು ನಕ್ಕರು, ಉತ್ತರ ಕೊಡಲಿಲ್ಲ. ಕೊಡುವುದು ಸುಲಭವೂ ಅಲ್ಲ. ಹಾಡುವವರಿಗೆ ತೊಂದರೆಯಿಲ್ಲವಷ್ಟೆ. ತೊಂದರೆ ಅಜ್ಜನಿಗೆ. ಒಂದು ಮಗುವಿನ ಓಟವು ಅದರ ವಯೋಧರ್ಮ. ಅದನ್ನು ತಡೆದು ನಿಲ್ಲಿಸಿದ ಮೂರು ನಿಮಿಷದ ಬೆಲೆ ಎಷ್ಟೆಂದು ಯಾರು ಕಟ್ಟಬಲ್ಲರು? ಸಂಗೀತದ ಬೈಠಕಿನಲ್ಲಿ ಸದ್ದು ಮಾಡಬೇಡಿರೆಂದು ಹೇಳುವುದಿಲ್ಲವೆ, ಎಂದು ಕೇಳಬಹುದು. ಹೇಳುತ್ತೇವೆ, ಅಲ್ಲಿಗೆ ಬಂದವರೆಲ್ಲರೂ ಕೇಳಲೆಂದೇ ಬಂದವರು. ಮನೆಯವರಾದರೋ ಬದುಕಲೆಂದು ಅಲ್ಲಿರುವವರು. ಅಪೂರ್ವವಾದ ವಸ್ತುವಿಗೆ ಎಲ್ಲರೂ ಒಂದಿಷ್ಟು ಗೌರವ ತೋರಿದರೆ ತಪ್ಪೇನು, ಎಂಬುದು ಇನ್ನೂ ಗಟ್ಟಿಯಾದ ವಾದ. ಅದನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಗೌರವವು ಕಲಿಸಿದರೆ ಬರುವಂಥದು, ಮಕ್ಕಳಿಗೆ ಕಲಿಸಲೂಬೇಕು. ಆದರೆ ನಿತ್ಯ ವಿಧಿಸಿದ ಗೌರವವು ದ್ವೇಷಕ್ಕೆ ಬಲು ಹತ್ತಿರ. ಆ ಮಗು ದೊಡ್ಡದಾದ ಮೇಲೆ ಗಂಗೂಬಾಯಿಯವರ ಹೆಸರನ್ನು ಕೇಳಿದೊಡನೆ ಅದರ ಕಾಲ್ಬೆರಳುಗಳು ನೊಂದರೆ, ರಿಕಾರ್ಡನ್ನು ಕಾಪಾಡಿ ನಾವು ಸಾಧಿಸಿದ್ದೇನು?

ನಾನು ಮಿತ್ರರಿಗೆ ಒಂದು ಪರೀಕ್ಷೆಯನ್ನು ಸೂಚಿಸಿದೆನು. ಯಂತ್ರದ ಮೋಟಾರನ್ನು ನಿಲ್ಲಿಸಬೇಕು. ತಿರುಗದ ರಿಕಾರ್ಡಿನ ಮೇಲೆ ಮುಳ್ಳನ್ನು ಊರಬೇಕು. ಆಮೇಲೆ ಆಂಪ್ಲಿಫೈಯರಿನ ಗುಂಡಿಯನ್ನು ಮೆಲ್ಲಮೆಲ್ಲನೆ, ಸ್ಪೀಕರಿಗೆ ಅಪಾಯವಾಗದಂತೆ, ಏರಿಸುತ್ತ ಸುಮ್ಮನೆ ಕುಳಿತು ಕೇಳಬೇಕು. ಗೀರಿನಲ್ಲಿ ಈಗ ಸಂಗೀತವಿಲ್ಲ, ಕೇಳುವುದೆಲ್ಲವೂ ಮನೆಯೇ. ಇದು ಬಹು ವಿಚಿತ್ರವಾದ ಅನುಭವ. ಕೆಳಗೆ ಯಾರೋ ಕಪಾಟಿನ ಬಾಗಿಲು ಹಾಕಿದ್ದು ಗುಂಡಿಟ್ಟಂತೆ ಕೇಳಿತು. ಮೆಟ್ಟಿಲು ಹತ್ತುತ್ತಿದ್ದ ಸೊಸೆಯ ಹೆಜ್ಜೆಗಳು ಆನೆ ನಡೆದಂತೆ ಕೇಳಿದವು. ದೂರದ ರಸ್ತೆಯ ಬಸ್ಸು, ನೀರೆತ್ತುವ ಪಂಪು, ಮಿತ್ರರು ಟೀಪಾಯಿಯ ಮೇಲಿಟ್ಟ ಬಟ್ಟಲು ಎಲ್ಲವೂ ತಮ್ಮ ತಮ್ಮ ಸರದಿಯಲ್ಲಿ ಬಂದುಹೋದವು. ಗುಂಡಿಯನ್ನು ಇನ್ನೂ ಸ್ವಲ್ಪ ತಿರುಗಿಸಿದಾಗ ಯಾರೂ ಏನೂ ಮಾಡದೆ ಒಂದು ಗುಂಯ್‌ಗಾರ ಎದ್ದು, ಬೆಳೆದು, ಕೋಣೆಯನ್ನು ತುಂಬತೊಡಗಿತು. ಮಿತ್ರರು ಗಾಬರಿಯಿಂದ ಗುಂಡಿಯನ್ನು ಇಳಿಸಿದರು.

ಅದು ಯಾರ ದನಿ? ಸ್ಪೀಕರಿನದೇ. ಅದರ ನಡುಕವು ಹಲಗೆಯ ನೆಲಕ್ಕೆ ಇಳಿದು, ನೆಲದಿಂದ ಮೇಜಿಗೆ ಏರಿ, ಮೇಜಿನಿಂದ ಮುಳ್ಳಿಗೆ ಮುಟ್ಟಿ, ಹಿಗ್ಗಿ, ಮತ್ತೆ ಸ್ಪೀಕರಿನಿಂದ ಹೊರಟಿತ್ತು. ಸಾಧಾರಣವಾಗಿ ಕೇಳುವ ಮಟ್ಟದಲ್ಲಿ ಈ ಚಕ್ರವು ಹೀಗೆ ಕೂಗುವುದಿಲ್ಲ. ಆದರೂ ಒಳಗೊಳಗೇ ನಡೆದಿರುತ್ತದೆ. ತಗ್ಗಿನ ಸ್ವರಗಳನ್ನು ಕೆಸರಾಗಿಸುತ್ತದೆ. ಮೊಮ್ಮಗಳು ಶಾಲೆಗೆ ಹೋಗಿದ್ದ ಹೊತ್ತಿನಲ್ಲಿಯೂ ಮಿತ್ರರಿಗೆ ಹಾಡು ಮಸುಕೆನಿಸುತ್ತಿದ್ದುದರ ಕಾರಣವು ಅಂದು ತಿಳಿಯಿತು. ಮನೆಯವರ ಹೆಜ್ಜೆ ದಿನಕ್ಕೆ ಹತ್ತು ಸಲ ಬಂದು ಹೋಗುವಂಥದು. ತನ್ನ ಹಾಡಿನ ಹಿಂದಿರುಗಿದ ನಡುಕವು ಹಾಡು ಇರುವಷ್ಟು ಹೊತ್ತೂ ಇತ್ತು. ಅದನ್ನು ಕುರಿತು ಯಾರಿಗೂ ಅಪ್ಪಣೆ ಮಾಡುವಂತಿರಲಿಲ್ಲ.

ವಾಚಕರು ಈ ಮಾತನ್ನು ತಮ್ಮ ತಮ್ಮ ಸಂಸಾರಗಳಿಗೂ ಸಭೆಗಳಿಗೂ ಅನ್ವಯಿಸಿಕೊಳ್ಳಬಲ್ಲರಾದುದರಿಂದ ನಾನು ಅದನ್ನು ಬೆಳೆಸುವುದಿಲ್ಲ. ಮುಂದೆ ನಡೆದುದನ್ನು ಹೇಳಿಬಿಡುತ್ತೇನೆ. ಪೇಟೆಯಲ್ಲಿ ಇಂಥ ನಡುಕವನ್ನು ಕಳೆಯುತ್ತೇವೆಂದು ಯಂತ್ರಕ್ಕಿಂತ ಹೆಚ್ಚಿನ ಬೆಲೆಗೆ ಪಾದಗಳನ್ನು ಮಾರುವವರಿದ್ದಾರೆ. ಮಿತ್ರರಿಗೆ ಅದನ್ನು ಕೊಳ್ಳುವ ಆಸೆಯೂ ಆಯಿತು. ಹಲಗೆಯ ನೆಲವೇ ತೂಗುತ್ತಿರುವಾಗ ಪಾದದ ಕೆಳಗಿನ ರಬ್ಬರು ಏನು ಮಾಡೀತು? ಸೈಕಲ್ಲಿನ ಟ್ಯೂಬಿಗೆ ಅರೆಬರೆ ಗಾಳಿ ತುಂಬಿ ಹಲಗೆಯ ಕೆಳಗಿಟ್ಟರೂ ಅದರಷ್ಟು ಪ್ರಯೋಜನವಾದೀತು. ಆ ಮನೆಯಲ್ಲಿ ಅಲುಗದೆ ಇದ್ದ ವಸ್ತುವೆಂದರೆ ಒಂದೇ: ಎರಡು ಅಡಿ ದಪ್ಪದ ಕಲ್ಲಿನ ಗೋಡೆ. ಅದಕ್ಕೆ ಎರಡು ಕಬ್ಬಿಣದ ಆಧಾರಗಳನ್ನು ಜಡಿದು, ಮೇಲೆ ಹಗುರವಾದ ಹಲಗೆಯಿಟ್ಟು, ರಸಮಟ್ಟದಿಂದ ಮಟ್ಟ ನೋಡಿ ಯಂತ್ರವನ್ನು ಅಲ್ಲಿಗೆ ಏರಿಸಿದರು. ಸ್ಪೀಕರುಗಳನ್ನು ಆ ಗೋಡೆಯಿಂದ ದೂರಕ್ಕೆ ಸರಿಸಿದರು. ನುಡಿಸುವಾಗ ಮುಚ್ಚಳವನ್ನು ತೆಗೆದಿಡುವ ರೂಢಿ ಮಾಡಿಕೊಂಡರು. ಏಕೆಂದರೆ ಅಗಲವಾದ ಮುಚ್ಚಳವು ಗಾಳಿಯ ನಡುಕವನ್ನು ಚರ್ಮವಾದ್ಯದಂತೆ ಹಿಡಿಯುತ್ತದೆ. ಖರ್ಚು ಅಲ್ಪವಾದರೂ ಅದನ್ನು ಕೊಟ್ಟವರು ಕೇಳುವವರೇ. ಮೊಮ್ಮಗಳಿಗೆ ಓಡಲು ಅಪ್ಪಣೆಯಾಯಿತು. ಅದು ಬೇಕೆಂದೇ ಮೂರು ಸಲ ಓಡಿ ನೋಡಿತು. ಮುಳ್ಳು ಕದಲಲಿಲ್ಲ.

ಗೋಡೆಗೆ ಎರಡು ಮಗ್ಗುಲುಗಳಿರುತ್ತವೆಂಬುದು ಆಮೇಲೆ ನೆನಪಾಯಿತು. ಆಚೆಯದು ನೆರೆಮನೆ, ಅಲ್ಲಿ ಒಬ್ಬ ವೃದ್ಧೆಯಿದ್ದಾರೆ. ಗೋಡೆ ಕೊರೆಯುವ ಮುಂಚೆಯೇ ಹೋಗಿ ಕೇಳಬೇಕಾಗಿತ್ತೆಂದು ಸೊಸೆ ಹೇಳಿದಳು. ಆಕೆಯ ಮಾತು ನ್ಯಾಯವಾದುದು. ಮಿತ್ರರು ಅಂದೇ ಸಂಜೆ ಹೋಗಿ, “ಅವ್ವಾರ, ನಮ್ಮ ಹಾಡಿನ ಸದ್ದು ನಿಮಗ ತ್ರಾಸ ಕೊಡತದೇನ್ರಿ?” ಎಂದು ವಿಚಾರಿಸಿದರು. “ಎರಡರಿಂದ ನಾಕರತನಾ ನಾ ಮಲಗತೀನ್ರಿ, ಅವಾಗ ಬ್ಯಾಡ. ಉಳದದ್ದು ಹಚಗೋರಿ,” ಎಂದು ಉತ್ತರ ಬಂದಿತು. ಆ ಎರಡು ತಾಸು ಯಂತ್ರಕ್ಕೆ ಈಗ ಬಿಡುವು.

ತಿರುಗದ ರಿಕಾರ್ಡಿನ ಪರೀಕ್ಷೆಯನ್ನು ಮಿತ್ರರು ಮತ್ತೆ ಮಾಡಿದ್ದಾರೆ. ಹೆಜ್ಜೆ ಹೋಗಿದೆ, ಕಪಾಟು ಹೋಗಿದೆ, ಗುಂಯ್‌ಗಾರ ಬಹಳಮಟ್ಟಿಗೆ ಹೋಗಿದೆ. ಬೆಳಗಿನ ಜಾವ ಭಾರವಾದ ಲಾರಿ ಮೂಲೆಯಲ್ಲಿ ತಿರುಗುವಾಗ ಬುಡದಿಂದ ಗೋಡೆಯೇ ನಡುಗುವುದು ಮಾತ್ರ ಉಳಿದಿದೆ. ಅದಕ್ಕೆ ಗೋಡೆಯ ಮೇಲಿನ ಹಲಗೆಗೂ ಯಂತ್ರಕ್ಕೂ ನಡುವೆ ಮೃದುವಾದ ಸ್ಪ್ರಿಂಗುಗಳನ್ನು ಹಾಕಿ ನೋಡಬೇಕೆಂದು ಮಿತ್ರರ ಹಟ. ಇಷ್ಟಕ್ಕೆ ಬಿಡುವುದು ಲೇಸೆಂದು ನನ್ನ ಅಭಿಪ್ರಾಯ. ಆ ಹೊತ್ತಿನಲ್ಲಿ ಯಾರೂ ಹಾಡು ಕೇಳುವುದಿಲ್ಲ.